ರಾಜಬೀ ಮನಿಗೆ ಹೋಗೂದು

ಖಾನಾಪುರ
6 ಜನವರಿ 2025

ಖಾಸಬಾಗದ ಪುಸ್ತಕ ಬೈಂಡಿಂಗಿನ ಅಲ್ಲಾಭಕ್ಷ ಅವರಿಗೆ ಶರಣು.

ನಾನು ಖಾನಾಪುರದ ರೊಟ್ಟಿ ಬಸವಣ್ಣೆವ್ವ. ಬಸ್ಸಿನಲ್ಲಿ ಕಳಿಸಿದ ಪಾರ್ಸಲ್ಲು ಮುಟ್ಟಿತು. ಮುಟ್ಟಿದ್ದೇನೋ ಖರೇ, ಒಳಗೆ ಏನು ಕಟ್ಟಿ ಕಳಿಸಿದ್ದೀರಿ? ನಾನು ಕೇಳಿದ್ದು ಕೆಂಪು ಬಟ್ಟೆಯ ರಟ್ಟಿನ, ಗೆರೆ ಹೊಡೆದ ದಪ್ಪ ಖಾತೆ ಪುಸ್ತಕ. ಬಂದದ್ದು ಕರೀ ರಟ್ಟಿನ ಸಣ್ಣ ಪುಸ್ತಕ, ಒಳಗೆ ಒಂದಾದರೂ ಗೆರೆ ಇಲ್ಲ. ಹಾಳೆ ತುಂಬ ಬರೀ ಚುಕ್ಕೆ! ನಮ್ಮ ರೊಟ್ಟಿ ಮನೆಯ ಹೆಣ್ಣುಮಕ್ಕಳು ನೋಡಿ, "ಅಕ್ಕಾ, ರಂಗೋಲಿ ಬುಕ್ಕ ಬಂದೈತಿ, ಚುಕ್ಕಿ ಎಷ್ಟ್ ಸಾಲ ಇಟ್ಟಾರ ನೋಡ್ರಿ" ಎಂದು ಹಿಗ್ಗಿದರು. ನಾನು ಕೈ ತೊಳೆದು ಬರುವುದರೊಳಗೆ ಮೊದಲ ಹಾಳೆಯ ಮೇಲೆ ಒಂದು ರಂಗೋಲಿ ಬಿಡಿಸಿಯೇ ಬಿಟ್ಟಿದ್ದರು. ಹೀಗಾಗಿ ತಿರುಗಿ ಕಳಿಸುವ ಹಾಗೂ ಇಲ್ಲ.

ನನಗೆ ಪುಸ್ತಕ ಬೇಕಾಗಿದ್ದು ಚಂದಕ್ಕಲ್ಲ. ಇಪ್ಪತ್ತು ವರ್ಷದಿಂದ ಮದುವೆ, ಸೀಮಂತ, ಗೃಹಪ್ರವೇಶಕ್ಕೆ ಜೋಳದ ರೊಟ್ಟಿ ಮಾಡಿ ಕೊಡುತ್ತ ಬಂದವಳು ನಾನು. ಈ ಕಾರ್ತಿಕದಲ್ಲಿ ಉಳವಪ್ಪನವರ ಮನೆಯ ಆರ್ಡರು ಮರೆತೇಬಿಟ್ಟೆ. ಅವರ ಟೆಂಪೋ ಬಂದು ಬಾಗಿಲಿಗೆ ನಿಂತಾಗ ನನ್ನ ಒಲೆ ಕೂಡ ಹತ್ತಿರಲಿಲ್ಲ. ಪಂಕ್ತಿಯಲ್ಲಿ ಮಂದಿ ಅನ್ನ ಉಂಡು ಎದ್ದುಹೋದರಂತೆ. ನನ್ನ ಮಗ ಶಶಿಧರನಿಗೆ ನಾಲ್ಕು ಮಂದಿಯ ಮುಂದೆ ಮಾತು ಬಂತು. ಮನೆಗೆ ಬಂದು, "ಉಗಾದಿ ತನಕ ನೋಡ್ತೀನಿ ಅವ್ವಾ. ಇನ್ನೊಂದ ಆರ್ಡರ್ ಮರ್ತೀ ಅಂದ್ರ ಒಲಿ ಆರ್ಸಿಬಿಡೂಣು. ಆ ಜಾಗಾ ನನ್ನ ಅಂಗಡಿ ಗೋಡೌನಿಗೆ ಬೇಕು" ಎಂದ. ಅವನು ಕೆಟ್ಟವನಲ್ಲ, ನಾಚಿಕೆಯಾಗಿದೆ ಅವನಿಗೆ. ಆದರೆ ಒಲೆ ಆರಿದರೆ ನಾನು ದಿನಾ ಎದ್ದು ಏನು ಮಾಡಲಿ? ನನ್ನ ಜೊತೆಗಿರುವ ಹೆಣ್ಣುಮಕ್ಕಳು ಎಲ್ಲಿಗೆ ಹೋಗಲಿ?

ಆದ್ದರಿಂದ ಬೇಗ ಗೆರೆಯ ಪುಸ್ತಕ ಕಳಿಸಿ. ಫೋನ್ ಮಾಡಬೇಡಿ. ನನ್ನ ಬಲಗಿವಿ ಪೂರಾ ಬಂದ್, ಎಡಗಿವಿ ಅರ್ಧ. ಆ ಫೋನಿನ ಗಾಜಿನ ಮೇಲೆ ಒತ್ತಿ ಬರೆಯೋಣವೆಂದರೆ ಹಿಟ್ಟಿನ ಕೈ. ಕಾಗದ ಹಾಕಿ.

ಬಸವಣ್ಣೆವ್ವ


ಖಾಸಬಾಗ, ಬೆಳಗಾವಿ
10 ಜನವರಿ 2025

ಬಸವಣ್ಣೆವ್ವ ಅವರಿಗೆ ಮರಿಯಮ್ ಮಾಡುವ ಸಲಾಮ್.

ನಾನು ಅಲ್ಲಾಭಕ್ಷ ಅವರ ಮಗಳು. ತಪ್ಪು ನನ್ನದು, ಅಬ್ಬಾ ಅವರದಲ್ಲ. ಆ ದಿನ ಎರಡು ಪಾರ್ಸಲ್ಲು ಕಟ್ಟಿದ್ದೆ, ಚೀಟಿ ಅದಲುಬದಲಾಯಿತು. ನಿಮ್ಮ ಕೆಂಪು ಪುಸ್ತಕ ಟಿಳಕವಾಡಿಯ ಸೃಷ್ಟಿ ಎಂಬ ಕಾಲೇಜು ಹುಡುಗಿಗೆ ಹೋಗಿದೆ. ವಾಪಸ್ ಕೇಳಿದರೆ ಆಕೆ, "ಇದನ್ನ ಕೊಡೂದಿಲ್ರಿ, ಭಾರೀ ಮಸ್ತ್ ಐತಿ" ಎಂದು ಇಟ್ಟುಕೊಂಡಳು! ಅಬ್ಬಾ ನನ್ನನ್ನು ನೋಡಿ ತಲೆ ತಲೆ ಬಡಿದುಕೊಂಡರು.

ಬೇಕೆಂದರೆ ಇನ್ನೊಂದು ಖಾತೆ ಪುಸ್ತಕ ಹೊಲಿದು ಕಳಿಸುತ್ತೇನೆ. ಆದರೆ ನಿಮ್ಮ ಕಾಗದ ಓದಿದ ಮೇಲೆ ಅನ್ನಿಸಿತು, ನಿಮಗೆ ಬೇಕಾಗಿರುವುದು ಅದೇ ಚುಕ್ಕೆ ಪುಸ್ತಕ. ಅದಕ್ಕೆ ಬುಲೆಟ್ ಜರ್ನಲ್ ಅನ್ನುತ್ತಾರೆ. ಈಗ ಎಲ್ಲ ಕಡೆ ಬಹಳ ಜನ ಬಳಸುತ್ತಾರೆ. ಖಾತೆ ಪುಸ್ತಕ ಆಗಿಹೋದದ್ದನ್ನು ಬರೆಯಲು. ಇದು ಆಗಬೇಕಾದದ್ದನ್ನು ಬರೆಯಲು.

ಹೀಗೆ ಶುರು ಮಾಡಿ. ರಂಗೋಲಿ ಬಿದ್ದ ಹಾಳೆಯನ್ನು ಹಾಗೇ ಬಿಡಿ, ಶುಭವೇ. ಅದರ ಮುಂದಿನ ಹಾಳೆ ಪರಿವಿಡಿಗೆ. ಪ್ರತಿ ಪುಟಕ್ಕೂ ನಂಬರು ಹಾಕಿ, ಯಾವುದು ಎಲ್ಲಿದೆ ಎಂದು ಅಲ್ಲಿ ಬರೆಯುತ್ತಾ ಹೋಗಿ. ಆಮೇಲಿನ ಎರಡು ಪುಟಗಳಲ್ಲಿ ಮುಂದಿನ ಆರು ತಿಂಗಳಿಗೆ ಆರು ಚೌಕ. ದೂರದ ಆರ್ಡರು ಬಂದ ಕೂಡಲೇ ಆ ಚೌಕಕ್ಕೆ. ಅದರ ನಂತರ ನಡೆಯುತ್ತಿರುವ ತಿಂಗಳಿಗೆ ಒಂದು ಪುಟ, ಆಮೇಲೆ ದಿನದ ಕೆಲಸ. ಪ್ರತಿ ಕೆಲಸದ ಎಡಕ್ಕೆ ಒಂದು ಚುಕ್ಕೆ ಇಡಿ. ಮುಗಿದರೆ ಅದರ ಮೇಲೆ ಗುಣಾಕಾರದ ಗುರುತು. ಮುಗಿಯದೆ ಮುಂದೆ ಹೋದರೆ ಬಾಣ. ಮದುವೆ, ಹಬ್ಬಕ್ಕೆ ಸೊನ್ನೆ. ಇಷ್ಟೇ.

ಉಗಾದಿ ಮಾರ್ಚ್ ಕೊನೆಗಿದೆ, ಸಾಕಷ್ಟು ಸಮಯ ಇದೆ. ನಿಮ್ಮ ಒಲೆ ಆರಬಾರದು.

ಮರಿಯಮ್


ಖಾನಾಪುರ
22 ಜನವರಿ 2025

ಚಿರಂಜೀವಿ ಮರಿಯಮಳಿಗೆ ಬಸವಣ್ಣೆವ್ವನ ಆಶೀರ್ವಾದ.

ನಿನ್ನ ಅಕ್ಷರ ದುಂಡಗಿವೆ, ನೋಡಿ ಖುಷಿಯಾಯಿತು. ಸಣ್ಣವಳಿದ್ದೀ ಎಂದು ಗೊತ್ತಾಯಿತು, ಇನ್ನು "ನೀವು" ಅನ್ನುವುದಿಲ್ಲ. ಶಶಿಧರನಿಗೆ ಬುಲೆಟ್ ಎಂದು ಹೇಳಿದೆ. "ಈ ವಯಸ್ಸಿನ್ಯಾಗ ಗಾಡಿ ಯಾಕ್ ಬೇ?" ಎಂದು ಗಾಬರಿಯಾದ.

ಸಂಕ್ರಾಂತಿ ಮುಗಿಸಿ ಕುಳಿತು ಎಲ್ಲ ನೀನು ಹೇಳಿದ ಹಾಗೆ ಮಾಡಿದೆ. ಆರು ಚೌಕದಲ್ಲಿ ಮಾತ್ರ ನನ್ನದೇ ಕೈ ಓಡಿಸಿದ್ದೇನೆ. ಫೆಬ್ರುವರಿ, ಮಾರ್ಚ್ ಎಂದರೆ ನನಗೆ ದಿಕ್ಕು ಸಿಗುವುದಿಲ್ಲ. ಹೀಗಾಗಿ ಒಂದು ಚೌಕಕ್ಕೆ ಶಿವರಾತ್ರಿ, ಒಂದಕ್ಕೆ ಉಗಾದಿ, ಒಂದಕ್ಕೆ ಬಸವ ಜಯಂತಿ ಎಂದು ಹೆಸರಿಟ್ಟು ಬಾಜೂಕೆ ತಾರೀಖು ಬರೆದೆ. ಗಿರಾಕಿ ಬಂದರೆ ಅವರ ಕೈಗೇ ಪೆನ್ಸಿಲ್ ಕೊಟ್ಟು, "ನೀವ ಬರೀರಿ, ನನಗ ಕಿವಿ ಕೇಳ್ಸೂದಿಲ್ಲ" ಎನ್ನುತ್ತೇನೆ. ಮೊದಲು ನಗುತ್ತಾರೆ, ಆಮೇಲೆ ಬರೆಯುತ್ತಾರೆ. ಕೆಲವರದು ಕನ್ನಡ, ಕೆಲವರದು ಮರಾಠಿ. ಪುಸ್ತಕದ ತುಂಬ ಹಿಟ್ಟು ಬಿದ್ದಿದೆ, ಜಾಡಿಸಿದರೆ ಒಂದು ಬಿಲ್ಲೆ ರೊಟ್ಟಿ ಆದೀತು.

ಮುಗಿದ ಆರ್ಡರಿಗೆ ಗುರುತು ಹಾಕುವಾಗ ಚುಕ್ಕೆಯ ಮೇಲಷ್ಟೇ ಹಾಕುತ್ತೇನೆ, ಮಂದಿಯ ಹೆಸರಿಗೆ ತಾಗಿಸುವುದಿಲ್ಲ. ಅದೊಂದು ನಮ್ಮ ಮನೆ ಪದ್ಧತಿ.

ಈ ವಾರದ ನನ್ನ ಪುಟ ನೋಡು: ಜೋಳ ಹಸನ ಮಾಡಿಸೂದು. ಗಿರಣಿಗೆ ಕಳಿಸೂದು. ಈರಯ್ಯನವರ ಸೀಮಂತದ ರೊಟ್ಟಿ. ಎಳ್ಳು ತರೂದು. ರಾಜಬೀ ಮನಿಗೆ ಹೋಗೂದು. ಹೊಸಾ ಹಂಚು ನೋಡೂದು. ಎಲ್ಲ ಮುಗಿದವು, ಒಂದನ್ನು ಬಿಟ್ಟು.

ನಿನ್ನ ಪುಸ್ತಕದ್ದು ಒಂದು ಹಾಳೆ ಕಳಿಸು. ನೋಡಿ ಕಲಿಯುತ್ತೇನೆ.

ಬಸವಣ್ಣೆವ್ವ


ಖಾಸಬಾಗ
2 ಫೆಬ್ರುವರಿ 2025

ಅವ್ವಾ, ಹಾಗೆ ಕರೆಯಬಹುದಲ್ಲ?

ನಿಮ್ಮ ಕಾಗದವನ್ನು ಅಬ್ಬಾ ಅವರಿಗೆ ಓದಿ ಹೇಳಿದೆ. ಗಿರಾಕಿ ಕೈಗೆ ಪೆನ್ಸಿಲ್ ಕೊಡುವ ಮಾತಿಗೆ ಅವರು ಬಿದ್ದು ಬಿದ್ದು ನಕ್ಕರು. "ಶಾಣ್ಯಾ ಹೆಣಮಗಳು" ಎಂದರು.

ಈಗ ತಿಂಗಳು ಮುಗಿದಿದೆ. ಈ ಪುಸ್ತಕದ ಅಸಲಿ ಕೆಲಸ ಇರುವುದೇ ಇಲ್ಲಿ. ಹಳೇ ತಿಂಗಳಲ್ಲಿ ಮುಗಿಯದೆ ಉಳಿದ ಕೆಲಸಗಳನ್ನು ಹೊಸ ತಿಂಗಳಿಗೆ ನಿಮ್ಮ ಕೈಯಿಂದಲೇ ಮತ್ತೆ ಬರೆಯಬೇಕು. ಬರೆಯುವಾಗ ಬೇಸರ ಬರಬೇಕು. ಬೇಸರ ಬಂದಾಗ ನಮ್ಮನ್ನು ನಾವೇ ಕೇಳಿಕೊಳ್ಳಬೇಕು, ಇದು ನಿಜವಾಗಿ ಬೇಕೇ ಎಂದು. ಮೂರು ತಿಂಗಳು ಬರೆದರೂ ಆಗದಿದ್ದರೆ ಒಂದೋ ಆ ದಿನವೇ ಮಾಡಿ ಮುಗಿಸಬೇಕು, ಇಲ್ಲವೇ ಗೀಟು ಎಳೆದು ಹೊಡೆದುಹಾಕಬೇಕು. ಆಮೇಲೆ ಅದರ ಚಿಂತೆ ಮಾಡಬಾರದು.

ನಿಮ್ಮದು ಉಳಿದದ್ದು ಒಂದೇ, ರಾಜಬೀ ಮನೆಯದು. ಅವರದು ಹಿಟ್ಟಿನ ಗಿರಣಿಯೇ? ನಿಮಗೆ ಹೋಗಲು ಆಗದಿದ್ದರೆ ಜೊತೆಯವರಲ್ಲಿ ಯಾರನ್ನಾದರೂ ಕಳಿಸಿಬಿಡಿ. ಎಲ್ಲ ಕೆಲಸವನ್ನೂ ನೀವೇ ಮಾಡಬೇಕೆಂದಿಲ್ಲ.

ನನ್ನ ಹಾಳೆ ಕಳಿಸಬಹುದಿತ್ತು. ಅದರಲ್ಲಿ ಮನೆಯ ಖಾಸಗಿ ವಿಷಯ ಬಹಳ ಇವೆ. ಇನ್ನೊಮ್ಮೆ ನೋಡೋಣ.

ಮರಿಯಮ್


ಖಾನಾಪುರ
5 ಮಾರ್ಚ್ 2025

ಮರಿಯಮಳಿಗೆ,

ಒಂದು ತಿಂಗಳು ನಿನಗೆ ಬರೆಯಲಿಲ್ಲ. ಸಿಟ್ಟು ಬಂದಿತ್ತು, ಅದನ್ನೇ ಹೇಳಿಬಿಡುತ್ತೇನೆ. ರಾಜಬೀ ಮನೆಗೆ ಯಾರನ್ನಾದರೂ ಕಳಿಸಿಬಿಡಿ ಎಂದು ಬರೆದೆಯಲ್ಲ, ಅದಕ್ಕೆ. ಅದು ಕಳಿಸಿ ಮುಗಿಸುವ ಕೆಲಸವಲ್ಲ, ತಂಗಿ.

ರಾಜಬೀ ನನ್ನ ಜೊತೆಗೆ ಮೊದಲ ದಿನದಿಂದ ಇದ್ದವಳು. ನಾನು ಹಿಟ್ಟು ನಾದಿದರೆ ಆಕೆ ತಟ್ಟುವಳು, ಆಕೆ ತಟ್ಟಿದರೆ ನಾನು ಬೇಯಿಸುವೆ. ಬಾಗಿಲಿಗೆ ಬಂದವರ ಜೊತೆ ಮಾತೆಲ್ಲ ಆಕೆಯದೇ. ದೀಪಾವಳಿ ಎರಡು ದಿನ ಇದೆ ಎನ್ನುವಾಗ ಬರುವುದು ಬಿಟ್ಟಳು. ಒಂದು ಮಾತು ಹೇಳಲಿಲ್ಲ. ಹಣೆಬರಹ! ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕುಳಿತವಳಿಗೆ ನನ್ನ ಮೇಲೆ ಅಷ್ಟೂ ಹಕ್ಕಿಲ್ಲವೇ? ನಾನೂ ಹೋಗಲಿಲ್ಲ. ಬಿಟ್ಟವಳು ಬರಲಿ ಎಂದು ಕುಳಿತೆ. ಪುಸ್ತಕದಲ್ಲಿ ಮಾತ್ರ ಕೈ ತಾನೇ ಬರೆಯಿತು.

ಆರ್ಡರುಗಳೆಲ್ಲ ಸರಿಯಾಗಿ ನಡೆದಿವೆ, ಒಂದೂ ತಪ್ಪಿಲ್ಲ. ಶಶಿಧರ ದಿನಾ ಸಂಜೆ ಪುಸ್ತಕ ತಿರುವಿ ನೋಡಿ ಇಟ್ಟುಹೋಗುತ್ತಾನೆ. ಉಗಾದಿ ಮೂವತ್ತಕ್ಕೆ ಬಂದಿದೆ.

ಮಾರ್ಚಿಗೆ ರಾಜಬೀ ಮನಿಗೆ ಹೋಗೂದು ಎಂದು ಮೂರನೇ ಸಲ ಬರೆದೆ. ನಿನ್ನ ನಿಯಮದ ಪ್ರಕಾರ ಗೀಟು ಎಳೆದುಬಿಡೋಣವೆಂದು ಪೆನ್ನು ಹಿಡಿದೆ. ಎಳೆಯಲು ಆಗಲಿಲ್ಲ. ಬದುಕಿರುವವರ ಹೆಸರಿನ ಮೇಲೆ ಗೀಟು ಎಳೆಯಬಾರದು, ನಮ್ಮ ಅತ್ತೆ ಕಲಿಸಿದ್ದು. ಹೆಸರು ಅಳಿಸಿದರೆ ಆಯುಷ್ಯ ಅಳಿಸಿದ ಹಾಗೆ ಎಂದು ಬೈಯುವರು. ಈಗ ಮಾಡುವ ಹಾಗೂ ಇಲ್ಲ, ಹೊಡೆದುಹಾಕುವ ಹಾಗೂ ಇಲ್ಲ. ಇದಕ್ಕೆ ನಿನ್ನ ಬುಲೆಟ್‌ನಲ್ಲಿ ಯಾವ ಗುರುತು ಇದೆ ಹೇಳು.

ನಿನ್ನ ಹಾಳೆ ಇನ್ನೂ ಬಂದಿಲ್ಲ. ಆ ಖಾಸಗಿ ವಿಷಯದ ಮೇಲೆ ಕಾಗದ ಅಂಟಿಸಿ ಕಳಿಸು ಬೇಕಾದರೆ!

ಬಸವಣ್ಣೆವ್ವ


ಖಾಸಬಾಗ
9 ಮಾರ್ಚ್ 2025

ಅವ್ವಾ,

ತಪ್ಪಾಯಿತು. ನಾನು ಗಿರಣಿ ಎಂದುಕೊಂಡಿದ್ದೆ. ರೋಜಾ ಉಪವಾಸ ಹಿಡಿದು ಸುಳ್ಳು ಹೇಳಬಾರದು, ಅದಕ್ಕೆ ನನ್ನದೂ ಒಂದು ಹೇಳುತ್ತೇನೆ. ನನ್ನ ಪುಸ್ತಕದಲ್ಲಿ ಕಳಿಸುವಂಥ ಹಾಳೆಯೇ ಇಲ್ಲ. ಪರಿವಿಡಿಗೆ ಹೂಬಳ್ಳಿ ಬಿಡಿಸಿದ್ದೇನೆ. ತಿಂಗಳ ಹೆಸರುಗಳಿಗೆ ನಾಲ್ಕು ಬಣ್ಣ ತುಂಬಿದ್ದೇನೆ. ಒಳಗೆ ಒಂದು ಕೆಲಸ ಬರೆದಿಲ್ಲ. ಇಷ್ಟು ಚಂದದ ಪುಟ ಕೆಟ್ಟೀತೆಂದು ಹೆದರಿಕೆ. ಬಹಳ ಜನ ಬಳಸುತ್ತಾರೆ ಎಂದೆನಲ್ಲ, ಅದು ಫೋನಿನಲ್ಲಿ ನೋಡಿದ್ದು. ನಾನು ಹೊಲಿದ ಚುಕ್ಕೆ ಪುಸ್ತಕಗಳು ಹೊಲಿದಂತೆಯೇ ಕಪಾಟಿನಲ್ಲಿವೆ. ಅಬ್ಬಾ ಕಪಾಟಿನ ಕಡೆ ನೋಡಿ ಕೆಮ್ಮುತ್ತಾರೆ. ನಿಜವಾಗಿ ನಡೆಯುತ್ತಿರುವುದು ನಿಮ್ಮದೊಂದೇ.

ನಿಮ್ಮ ಪ್ರಶ್ನೆಗೆ ಯಾವ ಗುರುತೂ ಇಲ್ಲ, ಅವ್ವಾ. ಗೀಟು ಎಳೆಯಲು ಆಗದಿದ್ದರೆ ಉಳಿದದ್ದು ಒಂದೇ, ಹೋಗಿಬರುವುದು.

ನಿಮ್ಮ ಹಳೇ ಕಾಗದಗಳನ್ನು ಮತ್ತೆ ಓದಿದೆ. ಒಂದು ಮಾತು ಕೇಳಲೇ? ಸಿಟ್ಟಾಗಬೇಡಿ. ನಿಮಗೆ ಮರೆವು ಬಂದಿದೆ ಎಂದು ನಿಮ್ಮ ಮಗ ಅನ್ನುತ್ತಾರೆ, ನಾನೂ ಹಾಗೇ ತಿಳಿದಿದ್ದೆ. ಆದರೆ ನಿಮ್ಮ ಕಿವಿ ಇಂದು ನಿನ್ನೆ ಮಂದವಾದದ್ದಲ್ಲ. ಬಾಗಿಲಿಗೆ ಬಂದವರ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವರು ರಾಜಬೀ. ಅವರು ಬಿಟ್ಟದ್ದು ದೀಪಾವಳಿಗೆ, ಉಳವಪ್ಪನವರ ಆರ್ಡರು ತಪ್ಪಿದ್ದು ಕಾರ್ತಿಕದಲ್ಲಿ. ರಾಜಬೀ ಇದ್ದಾಗ ಒಂದಾದರೂ ಆರ್ಡರ್ ಮರೆತಿದ್ದಿರಾ?

ಮರಿಯಮ್


ಖಾನಾಪುರ
20 ಮಾರ್ಚ್ 2025

ಮರಿಯಮಾ,

ನಿನ್ನ ಪ್ರಶ್ನೆ ಓದಿ ಊಟ ಸೇರಲಿಲ್ಲ. ಇಲ್ಲ, ಒಂದೂ ಮರೆತಿರಲಿಲ್ಲ. ಆಕೆ ಬೆಳಿಗ್ಗೆ ಬಂದು, "ಅಕ್ಕಾ, ಇವತ್ತ ಇಷ್ಟು ತಟ್ಟೂದೈತಿ" ಎಂದು ಎಡಗಿವಿಗೆ ಬಾಯಿಟ್ಟು ಹೇಳುವಳು. ಯಾರಿಗೆ ಎಂದು ನಾನು ಕೇಳುತ್ತಲೂ ಇರಲಿಲ್ಲ. ನೆನಪು ನನ್ನದೇ ಎಂದು ತಿಳಿದಿದ್ದೆ. ಎಂಥ ಹುಚ್ಚಿ ನಾನು!

ಇವತ್ತು ಮಧ್ಯಾಹ್ನ ಹೋದೆ. ಇಫ್ತಾರಿಗೆ ಇರಲೆಂದು ಸೆರಗಿನಲ್ಲಿ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆ. ಓಣಿಯಲ್ಲಿ ಮನೆ ಯಾವುದೆಂದು ಕೇಳಬೇಕಾಯಿತು. ಬಾಗಿಲು ತೆಗೆದವಳು ಆಕೆಯೇ.

"ಐದ ತಿಂಗಳಾತು. ಹಾದಿ ಮರ್ತಿದ್ರೇನ ಅಕ್ಕಾ?" ಎಂದಳು.

"ಮರ್ತಿಲ್ಲ. ತಿಂಗಳಾ ತಿಂಗಳಾ ಬರ್ಕೋಂತ ಬಂದೀನಿ" ಎಂದು ಪುಸ್ತಕ ತೆಗೆದು ಮೂರು ಕಡೆ ಆಕೆಯ ಹೆಸರು ತೋರಿಸಿದೆ. ಆಕೆಗೆ ಓದು ಬರುವುದಿಲ್ಲ. ಆದರೂ ಆ ಅಕ್ಷರದ ಮೇಲೆ ಬೆರಳಾಡಿಸಿ, "ಇದಽ ನಾನೇನು? ಬರೂದಕ್ಕ ಮೂರ್ ಸಲ ಬರೀಬೇಕಾತೇನು?" ಎಂದು ನಕ್ಕಳು. ಹಾಗೇ ಅತ್ತಳು. ನಾನೂ ಅತ್ತೆ.

ಬೆರಳಾಡಿಸಿದ್ದು ಎಡಗೈ. ಆಗ ನೋಡಿದೆ. ಬಲಗೈಯ ಮಣಿಕಟ್ಟು ಸೊಟ್ಟಗೆ ಕೂತಿದೆ. ದೀಪಾವಳಿ ಮುಂದೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಳಂತೆ, ಎಲುಬು ಸರಿ ಕೂಡಲಿಲ್ಲ.

"ಒಂದ ಮಾತ ಹೇಳಿ ಕಳಸಾಕ ಏನಾಗಿತ್ತ ನಿನಗ?" ಎಂದು ಜಗಳಕ್ಕೇ ನಿಂತೆ.

"ಹೇಳಿದ್ರ ನೀವು ಬಾ ಅಂತಿದ್ರಿ. ತಟ್ಟಾಕ ಬರದ ಕೈ ತಗೊಂಡ ಬಂದ ಕುಂತ್ರೂ ಪಗಾರ ಕೊಡ್ತಿದ್ರಿ. ಪುಕ್ಕಟೆ ಉಣ್ಣೂದು ನನಗ ಬ್ಯಾಡಾಗಿತ್ತು" ಎಂದಳು.

ನಾನು ಬಾಯಿ ಬಿಡುವುದರೊಳಗೆ ಆಕೆಯೇ ಮಾತು ತಿರುಗಿಸಿ, "ಅದಿರ್ಲಿ, ಕಲ್ಲಯ್ಯನವರ ರೊಟ್ಟಿ ತಟ್ಟಾಕ ಹತ್ತೀರಿಲ್ಲೋ?" ಎಂದು ಕೇಳಿದಳು.

"ಯಾವ ಕಲ್ಲಯ್ಯ? ಯಾವ ರೊಟ್ಟಿ?"

"ಯಾ ಅಲ್ಲಾ! ಅವರ ತಾಯಿ ಪುಣ್ಯತಿಥಿ ಅಲ್ರೀ. ಶಿವರಾತ್ರಿ ಆದ ಮ್ಯಾಲೆ ನಾಕನೇ ಸ್ವಾಮಾರ. ಓಣಿಗೆಲ್ಲಾ ಊಟಾ ಹಾಕ್ತಾರ. ವರ್ಷಾ ವರ್ಷಾ ಬಂದ ಹೇಳೂದಿಲ್ಲ, ನೀವ ಮಾಡಿ ಇಟ್ಟಿರ್ರಿ ಅಂತ ಮೊದಲ ವರ್ಷನ ನನ್ನ ಮುಂದ ಹೇಳ್ಯಾರ. ನಾನೂರು ರೊಟ್ಟಿ."

ನಾಲ್ಕನೇ ಸೋಮವಾರ ಎಂದರೆ ಇಪ್ಪತ್ನಾಲ್ಕು. ಪುಸ್ತಕದಲ್ಲಿ ಆ ದಿನ ಖಾಲಿ ಇದೆ. ಬಂದು ಹೇಳದೇ ಇದ್ದುದನ್ನು ನಾನಾದರೂ ಹೇಗೆ ಬರೆಯಲಿ? ಮನೆಯಲ್ಲಿ ಜೋಳ ಬೀಸಿಲ್ಲ, ಜೊತೆಯವರಲ್ಲಿ ಇಬ್ಬರು ಊರಿಗೆ ಹೋಗಿದ್ದಾರೆ. ಶಶಿಧರನಿಗೆ ಹೇಳಿದರೆ ಇವತ್ತೇ ಒಲೆ ಆರಿಸಿಯಾನು. ಗಿರಣಿ ಮುಚ್ಚುವ ಹೊತ್ತಾಯಿತು, ಹೋಗುತ್ತೇನೆ.

ಬಸವಣ್ಣೆವ್ವ


ಖಾಸಬಾಗ
26 ಮಾರ್ಚ್ 2025

ಅವ್ವಾ, ಏನಾಯಿತು?

ನಿಮ್ಮ ಕಾಗದ ನನ್ನ ಕೈಗೆ ಬಂದದ್ದೇ ಸೋಮವಾರ ಸಂಜೆ. ಅಷ್ಟರಲ್ಲಿ ಎಲ್ಲ ಆಗಿಹೋಗಿರುತ್ತದೆ. ಫೋನ್ ಮಾಡಿದೆ, ನೀವು ಎತ್ತಿ "ಹಲೋ ಹಲೋ, ಯಾರ್ರೀ, ಕೇಳ್ಸವಲ್ದು" ಎಂದು ಇಟ್ಟುಬಿಟ್ಟಿರಿ. ದನಿ ಗಟ್ಟಿಯಾಗಿತ್ತು, ಅಷ್ಟೇ ಸಮಾಧಾನ. ಅಬ್ಬಾ ಕೂಡ ರೋಜಾ ಬಿಡುವ ಹೊತ್ತಿಗೆ, "ಆ ರೊಟ್ಟಿ ಬಾಯೀದು ಏನರ ತಿಳೀತೇನ?" ಎಂದು ಕೇಳುತ್ತಾರೆ.

ನನ್ನ ಪುಸ್ತಕದಲ್ಲಿ ಮೊದಲ ಸಲ ಒಂದು ಸಾಲು ಬರೆದೆ. ಖಾನಾಪುರದ ಕಾಗದ ಬಂತೇ ನೋಡೂದು. ದಿನಾ ಬಾಣ ಹಾಕಿ ಮರುದಿನಕ್ಕೆ ದೂಡುತ್ತಿದ್ದೇನೆ. ಹೂಬಳ್ಳಿಯ ಮೇಲೆ ಚಹಾ ಕೂಡ ಚೆಲ್ಲಿತು. ಚೆಲ್ಲಿದರೆ ಚೆಲ್ಲಲಿ.

ಬೇಗ ಬರೆಯಿರಿ.

ಮರಿಯಮ್


ಖಾನಾಪುರ
3 ಏಪ್ರಿಲ್ 2025

ಮಗಳೇ ಮರಿಯಮಾ,

ನಿನಗೂ ಅಲ್ಲಾಭಕ್ಷಣ್ಣನಿಗೂ ಉಗಾದಿ, ಈದ್ ಎರಡರ ಶುಭಾಶಯ. ಬೆನ್ನಿಗೆ ಬೆನ್ನು ಬಂದವು ನೋಡು ಈ ಸಲ. ಹಬ್ಬ ಮುಗಿಸಿ ಬರೆಯೋಣವೆಂದು ನಿನ್ನನ್ನು ಕಾಯಿಸಿದೆ, ಬೈದುಕೋ.

ಆ ದಿನ ನಾನು ಗಿರಣಿಗೆ ಓಡಿದರೆ ರಾಜಬೀ ಅಲ್ಲಿಗೇ ಬಂದಳು. ಬಂದವಳು ಸುಮ್ಮನೆ ಕೂರಲಿಲ್ಲ. ತನ್ನ ಓಣಿಯಿಂದ ಇಬ್ಬರು ಹೆಣ್ಣುಮಕ್ಕಳನ್ನು ಕರೆತಂದಳು. ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕುಳಿತು, "ಆ ಅಂಚು ದಪ್ಪಾತು, ಈ ಹಂಚು ಕಾದಿಲ್ಲ" ಎಂದು ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಹೊಟ್ಟೆಯಲ್ಲಿ ಹನಿ ನೀರಿಲ್ಲ, ಬಾಯಿಗೆ ಮಾತ್ರ ಬಿಡುವಿಲ್ಲ!

ಸೋಮವಾರ ಬೆಳಿಗ್ಗೆ ಕಲ್ಲಯ್ಯನವರ ಟೆಂಪೋ ಬಂತು. ಶಶಿಧರ ಅಂಗಡಿಗೆ ಹೊರಟವನು ಅಲ್ಲೇ ನಿಂತ. ಬಂದವರು ಹಿಂದು ಮುಂದು ಏನೂ ಮಾತಿಲ್ಲದೆ ಬುಟ್ಟಿ ಎತ್ತಿ ಏರಿಸತೊಡಗಿದರು. ಇವನು ಪುಸ್ತಕ ತೆಗೆದು ಮಾರ್ಚ್ ಪುಟ ನೋಡಿದ, ಉಗಾದಿ ಚೌಕ ನೋಡಿದ, ಪರಿವಿಡಿ ನೋಡಿದ.

"ಅವ್ವಾ, ಈ ಆರ್ಡರ್ ಇದರಾಗ ಇಲ್ಲಲ್ಲ?" ಎಂದು ನನ್ನ ಎಡಗಿವಿಗೆ ಕೂಗಿದ.

"ಇಲ್ಲ."

"ಮತ್ತ ಹೆಂಗ ನೆನಪಾತು ನಿನಗ?"

"ನನಗ ನೆನಪಾಗಿಲ್ಲೋ. ಎಂದೂ ನನಗ ನೆನಪ ಇದ್ದಿದ್ದಿಲ್ಲ" ಎಂದು ಬಾಗಿಲ ಕಡೆ ಕೈ ಮಾಡಿದೆ.

ಅವನು ರಾಜಬೀಯನ್ನು ನೋಡಿದ, ಆಕೆಯ ಸೊಟ್ಟ ಮಣಿಕಟ್ಟು ನೋಡಿದ. ಆಕೆ ಎದ್ದು ನಿಂತು, "ಇವತ್ತಷ್ಟ ಬಂದಿದ್ನೋ ತಮ್ಮಾ" ಎಂದಳು. ಶಶಿಧರ ಪುಸ್ತಕ ಮುಚ್ಚಿ ಆಕೆಯ ಎಡಗೈಯಲ್ಲಿ ಕೊಟ್ಟ. "ಕುಂದರ್ರಿ ಖಾಲಾ. ನಾಳೆ ಎಷ್ಟೊತ್ತಿಗೆ ಬರ್ತೀರಿ?" ಎಂದು ಚಿಕ್ಕಮ್ಮನನ್ನು ಕೇಳುವ ಹಾಗೆ ಕೇಳಿದ. ಗೋಡೌನಿನ ಮಾತು ಆಮೇಲೆ ಬಂದಿಲ್ಲ. ಉಗಾದಿ ದಿನ ಬೇವು ಬೆಲ್ಲ ತಿನ್ನುತ್ತ, ಅಂಗಡಿಯ ಬಾಜೂಕೆ ಸಾಮಾನು ಇಡಲು ಬೇರೆ ಒಂದು ಜಾಗ ನೋಡಿದ್ದೇನೆ ಎಂದ, ಅಷ್ಟೇ.

ಈಗ ರಾಜಬೀ ದಿನಾ ಬರುತ್ತಾಳೆ. ಬಾಗಿಲಿನ ಮಾತೆಲ್ಲ ಆಕೆಯದು, ಬರೆಯುವುದು ನಾನು. ಯಾರೂ ಬಂದು ಹೇಳದ ಆರ್ಡರು ಆಕೆಯ ತಲೆಯಲ್ಲಿ ಇನ್ನೂ ಎಷ್ಟಿವೆಯೋ! ಒಂದೊಂದೇ ಹೇಳಿ ಬರೆಸುತ್ತಿದ್ದಾಳೆ. ಪಗಾರ ಮೊದಲಿನಷ್ಟೇ. ಪುಕ್ಕಟೆ ಎಂದು ಬಾಯಿ ತೆಗೆದಳು, ಲಟ್ಟಣಿಗೆ ತೋರಿಸಿದೆ.

ಇನ್ನೊಂದು ಮಾತು. ಮಾರ್ಚ್ ಪುಟದಲ್ಲಿ ರಾಜಬೀ ಮನಿಗೆ ಹೋಗೂದು ಎಂಬುದರ ಚುಕ್ಕೆಯ ಮೇಲೆ ಗುರುತು ಹಾಕಿದೆ. ಕೆಲಸ ಮುಗಿಯಿತಲ್ಲ ಎಂದು ಪುಟ ತಿರುವಿ ಏಪ್ರಿಲ್ ಶುರು ಮಾಡಿದೆ. ಆಗ ಲೆಕ್ಕ ಹಾಕಿದೆ, ಮರಿಯಮಾ. ಇಪ್ಪತ್ತು ವರ್ಷ ಆಕೆಯೇ ನನ್ನ ಮನೆಗೆ ಬಂದಳು. ಪ್ರತಿ ಈದಿಗೆ ಸುರ್‌ಕುಂಬಾ ಪಾಯಸದ ಡಬ್ಬಿ ಆಕೆಯ ಕೈಯಲ್ಲೇ ಬಂತು, ನಾನು ಇಲ್ಲೇ ಕುಳಿತು ಕುಡಿದೆ. ನಾನು ಆಕೆಯ ಹೊಸ್ತಿಲು ತುಳಿದದ್ದು ಆ ದಿನವೇ ಮೊದಲು. ಅದಕ್ಕೇ ಓಣಿಯಲ್ಲಿ ಮನೆ ಕೇಳಬೇಕಾಯಿತು.

ಈ ಸಲ ಡಬ್ಬಿ ತರಬೇಡ ಎಂದೆ. ಈದ್ ದಿನ ನಾನೇ ಹೋಗಿ, ಅಲ್ಲೇ ಕುಳಿತು ಎರಡು ಬಟ್ಟಲು ಕುಡಿದು ಬಂದೆ. ಮನೆಗೆ ಬಂದು ಏಪ್ರಿಲ್ ಪುಟದಲ್ಲಿ ಮೊದಲ ಸಾಲು ಬರೆದೆ, ರಾಜಬೀ ಮನಿಗೆ ಹೋಗೂದು. ಮೇ ತಿಂಗಳಿಗೂ ಬರೆದಿದ್ದೇನೆ, ಜೂನಿಗೂ ಬರೆದಿದ್ದೇನೆ. ಮೂರು ಸಲ ಆಯಿತು ಎಂದು ನೀನು ನಿಯಮ ಹೇಳಲು ಬರಬೇಡ.

ಹಾಳೆ ಮುಗಿಯುತ್ತ ಬಂದಿವೆ. ಇನ್ನೊಂದು ಪುಸ್ತಕ ಬಸ್ಸಿಗೆ ಹಾಕು. ಚುಕ್ಕೆಯದೇ ಇರಲಿ.

ನಿನ್ನ
ಬಸವಣ್ಣೆವ್ವ